ಗಂಡಿಲ್ಲದ ಪ್ರಭೇದ

ಆ ಪ್ರಭೇದದಲ್ಲಿ ಗಂಡೇ ಇರಲಿಲ್ಲ. ಇಪ್ಪತ್ತಾರು ವರ್ಷಗಳಿಂದಲೂ ಇರಲಿಲ್ಲ. ಪ್ರಾಣಿಶಾಸ್ತ್ರ ವಿಭಾಗದ ಮೂರನೇ ಮಹಡಿಯ ಸಂಗ್ರಹದ ಕೋಣೆಯಲ್ಲಿ, ಹದಿನಾಲ್ಕನೇ ಡಬ್ಬಿಯಲ್ಲಿ, ಟಾಚಣಿಗೆ ಚುಚ್ಚಿಸಿಕೊಂಡು ಸಾಲಾಗಿ ನಿಂತಿದ್ದ ಏಳು ಕೆಂಪು ಹುಳಗಳೂ ಹೆಣ್ಣೇ. ಅವನ್ನು ಹಿಡಿದವರು, ಅಳೆದವರು, ಹೊಸ ಪ್ರಭೇದವೆಂದು ಬರೆದವರು, ಸತ್ತುಹೋದ ತಮ್ಮ ತಾಯಿಯ ಹೆಸರಿಗೆ ಲ್ಯಾಟಿನ್ ಬಾಲ ಜೋಡಿಸಿ ಅದಕ್ಕೆ ಇಟ್ಟವರು ಎಲ್ಲ ಒಬ್ಬರೇ. ವಿಭಾಗದ ಹಿರಿಯ ಪ್ರೊಫೆಸರು. ಕೊರಳಲ್ಲಿ ಯಾವಾಗಲೂ ಒಂದು ಭೂತಗನ್ನಡಿ ನೇತಾಡುತ್ತಿದ್ದುದರಿಂದ ಅವರಿಗೆ ಲೆನ್ಸ್ ಮೇಷ್ಟ್ರು ಎಂದು ಹೆಸರು.

ಹುಳ ದೊಡ್ಡದೇನಲ್ಲ. ಏರೋಪ್ಲೇನ್ ಹುಳದ ಬಡ ತಂಗಿ ಎನ್ನಬಹುದು. ಏರೋಪ್ಲೇನ್ ಹುಳ ರೆಕ್ಕೆ ಹರವಿಕೊಂಡು ಕೂರುತ್ತದೆ, ಇದು ಮಡಚಿ ಬೆನ್ನ ಮೇಲೆ ಇಟ್ಟುಕೊಳ್ಳುತ್ತದೆ. ಉದ್ದ ಎರಡು ಸೆಂಟಿಮೀಟರ್, ದಪ್ಪ ಹೊಲಿಗೆ ಸೂಜಿಯಷ್ಟು. ಪುಸ್ತಕಗಳಲ್ಲಿ ಡ್ಯಾಮ್ಸೆಲ್‌ಫ್ಲೈ, ವಿಭಾಗದವರ ಬಾಯಲ್ಲಿ ಸೂಜಿಹುಳ. ಊರಾಚೆಯ ಹುಲ್ಲುಗಾವಲಿನ ನಡುವೆ ಒಂದು ಜೌಗು ಇತ್ತು. ಅಲ್ಲಿ ಹುಲ್ಲಿನ ಬುಡದಲ್ಲೇ ಹಾರಾಡುತ್ತ, ಮೊಣಕಾಲಿಗಿಂತ ಮೇಲೆ ಏರದೆ, ಯಾರ ಕಣ್ಣಿಗೂ ಬೀಳದೆ ಬದುಕಿ ಸಾಯುವುದು ಅದರ ಪಾಡು.

ಮೇಷ್ಟ್ರ ಕೈಕೆಳಗೆ ಐದು ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದ ಹುಡುಗಿ ಆ ಜೌಗಿನ ಎಲ್ಲ ಸೂಜಿಹುಳಗಳನ್ನೂ ಎಣಿಸಿ ಪ್ರಬಂಧ ಬರೆದಿದ್ದಳು. ಎಣಿಸುವಾಗಲೇ ಅವಳಿಗೆ ಅನುಮಾನ ಬಂತು. ಮೂರು ಮಳೆಗಾಲದಲ್ಲಿ ಇನ್ನೂರ ಹನ್ನೆರಡು ಕೆಂಪು ಹುಳ ಹಿಡಿದಿದ್ದಳು. ಒಂದರ ಹೊಟ್ಟೆಯಲ್ಲೂ ಮೊಟ್ಟೆ ಇರಲಿಲ್ಲ. ಎಲ್ಲದರ ರೆಕ್ಕೆಯೂ ಹೊಸ ಪ್ಲಾಸ್ಟಿಕ್ ಹಾಳೆಯಂತೆ ಮಿರಮಿರ ಮಿಂಚುತ್ತಿತ್ತು. ಅದೇ ಜೌಗಿನಲ್ಲಿ ಸಾಮಾನ್ಯವಾದ ಇನ್ನೊಂದು ಪ್ರಭೇದವಿತ್ತು, ಹಸಿರು ಬಣ್ಣದ್ದು. ಅದರಲ್ಲಿ ಗಂಡುಗಳು ಬೇಕಾದಷ್ಟು. ಹೆಣ್ಣುಗಳು ಮಾತ್ರ ಎಲ್ಲ ಬಲಿತವು, ರೆಕ್ಕೆಯ ಅಂಚು ಹರಿದವು. ಕೆಂಪಿನಲ್ಲಿ ಗಂಡಿಲ್ಲ, ಮುದುಕಿಯರಿಲ್ಲ. ಹಸಿರಿನಲ್ಲಿ ಎಳೆಯ ಹೆಣ್ಣಿಲ್ಲ. ಎರಡೂ ಒಂದೇ ಮನೆಯ ಹೆಣ್ಣುಗಳೆಂದು ಅವಳು ನಾಲ್ಕನೇ ಅಧ್ಯಾಯದಲ್ಲಿ ಬರೆದಳು.

ಮೇಷ್ಟ್ರು ಅಧ್ಯಾಯವನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಏನಮ್ಮ ಇದು?"

"ನಾಲ್ಕನೇ ಅಧ್ಯಾಯ, ಸರ್."

"ಅದು ಕಾಣುತ್ತೆ. ನನ್ನ ಹುಳ ಇಲ್ಲವೇ ಇಲ್ಲ ಅಂತ ಬರೆದಿದೀಯ."

"ಹುಳ ಇದೆ ಸರ್. ಅದು ಬೇರೆ ಪ್ರಭೇದ ಅಲ್ಲ ಅಂತ ಬರೆದಿದೀನಿ. ಹಸಿರು ಹುಳದ ಹೆಣ್ಣೇ ಎಳೇದಿದ್ದಾಗ ಕೆಂಪಗಿರುತ್ತೆ, ಬಲಿತ ಮೇಲೆ ಹಸಿರಾಗುತ್ತೆ."

"ಆಗೋದನ್ನ ಕಣ್ಣಾರೆ ಕಂಡಿದೀಯಾ?"

"ಇಲ್ಲ ಸರ್. ಎಣಿಕೆ ನೋಡಿದ್ರೆ ಹಾಗೇ ಅನ್ಸುತ್ತೆ."

"ಅನ್ಸೋದೆಲ್ಲ ಬರೆಯೋಕೆ ಇದೇನು ಕವನ ಸಂಕಲನವಾ?" ಮೇಷ್ಟ್ರು ಕೊರಳಿನ ಕನ್ನಡಿಯನ್ನು ಅಂಗಿಯ ತುದಿಯಲ್ಲಿ ಒರೆಸಿದರು. "ಸಲ್ಲಿಸೋಕೆ ಇನ್ನೂ ನಾಲ್ಕು ತಿಂಗಳಿದೆ. ಕೆಂಪು ಹಸಿರಾಗೋದನ್ನ ತೋರಿಸು, ಒಪ್ಕೋತೀನಿ. ಆಗಲ್ವಾ, ಈ ಅಧ್ಯಾಯ ಕಿತ್ತು ಹಾಕು, ಉಳಿದ ಐದಕ್ಕೆ ಇವತ್ತೇ ಸಹಿ ಹಾಕ್ತೀನಿ."

ಹಾಸ್ಟೆಲಿನಲ್ಲಿ ಅವಳ ಕೋಣೆಯಲ್ಲಿದ್ದವಳು ಸಂಖ್ಯಾಶಾಸ್ತ್ರದವಳು. ಎತ್ತರ, ಬಣ್ಣ, ಮಾರ್ಕ್ಸು ಎಲ್ಲದರಲ್ಲೂ ನಡುಮಧ್ಯ ಇದ್ದುದರಿಂದ ಸರಾಸರಿ ಎಂದೇ ಹೆಸರಾದವಳು. ಅವಳು ವಿಷಯ ಕೇಳಿ ಹಾಸಿಗೆಯ ಮೇಲೆ ಕಾಲು ಚಾಚಿದಳು.

"ಕಿತ್ತು ಹಾಕೇ. ಆರು ಅಧ್ಯಾಯ ಇದ್ರೂ ಡಾಕ್ಟರೇ, ಐದು ಇದ್ರೂ ಡಾಕ್ಟರೇ. ಹೆತ್ತವರಿಗೆ ಹೆಗ್ಗಣ ಮುದ್ದು. ಅವರ ಹೆಗ್ಗಣ ಅವರ ಹತ್ರ ಇರಲಿ ಬಿಡು."

"ಕಿತ್ರೆ ಮುಗಿಯಲ್ಲ. ಉಳಿದ ಐದರಲ್ಲೂ ಆ ಕೆಂಪನ್ನ ಬೇರೆ ಪ್ರಭೇದ ಅಂತಲೇ ಎಣಿಸಬೇಕು. ಪ್ರತಿ ಪಟ್ಟಿಯಲ್ಲೂ ನನ್ನ ಕೈಯಾರೆ ಸುಳ್ಳು ಬರೀಬೇಕು."

"ಗಂಡು ಸಿಗ್ದೇ ಇರೋ ಒಂದು ಹುಳಕ್ಕೋಸ್ಕರ ನಿನಗೂ ಗಂಡು ಸಿಗದ ಹಾಗೆ ಮಾಡ್ಕೋತಿದೀಯ ನೋಡು."

"ಸಿಗದಿದ್ರೆ ಬೇಡ," ಎಂದವಳು ಮಂಚದಡಿಯಿಂದ ಬಕೆಟ್ ಎಳೆದಳು.

ಆಗ ಬೇಸಿಗೆ. ಹುಲ್ಲುಗಾವಲಿನ ಜೌಗು ಒಣಗಿ, ನೆಲ ಬಿರುಕು ಬಿಟ್ಟು, ಕೆಸರಿನ ಚಕ್ಕೆಗಳು ಎದ್ದಿದ್ದವು. ನೀರಿದ್ದದ್ದು ಹಾಸ್ಟೆಲಿನ ಹಿಂದಿನ ಕೊಳದಲ್ಲಿ ಮಾತ್ರ. ಅಲ್ಲೇ ಮೊಟ್ಟೆ ತುಂಬಿದ ಒಂದು ಹಸಿರು ಹೆಣ್ಣು ಹಿಡಿದಳು. ಬಾಟಲಿಯಲ್ಲಿ ಒದ್ದೆ ಕಾಗದದ ಪಟ್ಟಿ ಇಟ್ಟಳು. ಹುಳ ಕಾಗದಕ್ಕೆ ಬಾಲ ಚುಚ್ಚಿ ಚುಚ್ಚಿ ಮೊಟ್ಟೆ ಇಟ್ಟಿತು. ಹತ್ತು ದಿನಕ್ಕೆ ಮರಿಗಳು ಬಂದವು, ಅಲ್ಪವಿರಾಮದಷ್ಟು ಗಾತ್ರದವು.

ಸೂಜಿಹುಳದ ಮರಿ ಬೆಳೆಯುವುದು ನೀರಿನೊಳಗೆ, ಮತ್ತು ಅದರಷ್ಟು ಕೆಟ್ಟ ನೆರೆಯವರು ಇನ್ನೊಬ್ಬರಿಲ್ಲ. ಒಂದು ಬಟ್ಟಲಲ್ಲಿ ಎರಡು ಬಿಟ್ಟರೆ ಬೆಳಿಗ್ಗೆ ಒಂದೇ ಇರುತ್ತದೆ, ಅದೂ ದಪ್ಪಗೆ. ಆದ್ದರಿಂದ ನಲವತ್ತು ಪ್ಲಾಸ್ಟಿಕ್ ಲೋಟ, ಲೋಟಕ್ಕೊಂದು ಮರಿ, ಏರಿ ಬರಲು ಒಂದೊಂದು ಕಡ್ಡಿ. ಬಾಲ್ಕನಿಯಲ್ಲಿ ಸಾಲಾಗಿ ಜೋಡಿಸಿದಳು. ಸತ್ತದ್ದನ್ನು ಮೂಸಿಯೂ ನೋಡದ ಜೀವ ಅದು. ಕಣ್ಣ ಮುಂದೆ ಮಿಸುಕಾಡಿದರೆ ಮಾತ್ರ ತಿನ್ನುತ್ತದೆ. ಮೊದಲು ಕೊಳದ ನೀರಿನಲ್ಲಿರುವ, ಕಣ್ಣಿಗೆ ಕಾಣದಂಥ ಜೀವಿಗಳನ್ನು ಹಾಕಿದಳು. ಮರಿ ದೊಡ್ಡದಾದ ಮೇಲೆ ಸೊಳ್ಳೆಮರಿ ಬೇಕಾಯಿತು. ಬಕೆಟ್ಟಿನಲ್ಲಿ ನೀರು, ಒಣ ಎಲೆ ಹಾಕಿ ಮೂಲೆಯಲ್ಲಿಟ್ಟಳು. ಸೊಳ್ಳೆಗಳು ಕರೆಯದೆಯೇ ಬಂದು ಮೊಟ್ಟೆ ಇಟ್ಟವು.

ಎರಡನೇ ತಿಂಗಳ ಕೊನೆಗೆ ಹಾಸ್ಟೆಲಿನಲ್ಲಿ ಜ್ವರ ಶುರುವಾಯಿತು. ಇಬ್ಬರು ಹುಡುಗಿಯರು ಆಸ್ಪತ್ರೆ ಸೇರಿದರು. ವಾರ್ಡನ್ ಮೇಡಂ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ಹಿಂದೆ ಮುಂದೆ ಇಬ್ಬರು ಕೆಲಸದವರನ್ನಿಟ್ಟುಕೊಂಡು, ಕೋಣೆ ಕೋಣೆಗೂ ನುಗ್ಗಿ ನಿಂತ ನೀರನ್ನೆಲ್ಲ ಚೆಲ್ಲಿಸುತ್ತ ಬಂದರು. ಅವಳು ವಿಭಾಗದಿಂದ ಓಡಿ ಬರುವಷ್ಟರಲ್ಲಿ ಬಕೆಟ್ಟು ಬೋರಲು ಬಿದ್ದಿತ್ತು. ನಲವತ್ತರಲ್ಲಿ ಅಲ್ಲಿವರೆಗೆ ಬದುಕಿದ್ದ ಇಪ್ಪತ್ತಾರು ಮರಿಗಳ ಲೋಟಗಳೂ ಖಾಲಿ. ನೀರು ಬಾಲ್ಕನಿಯ ತೂಬಿನ ಕಡೆಗೆ ಇಳಿಯುತ್ತಿತ್ತು.

ಅವಳು ಸರಾಸರಿಯ ಟೀ ಸೋಸುವ ಜಾಲರಿ ತೆಗೆದುಕೊಂಡು ತೂಬಿನ ಬಾಯಲ್ಲಿ ಅಡ್ಡ ಹಿಡಿದು ಮಂಡಿಯೂರಿದಳು. ಕೂದಲು, ಸೋಪಿನ ಚೂರು, ಕಸದ ನಡುವಿನಿಂದ ಒಂದೊಂದೇ ಮರಿಯನ್ನು ಬೆರಳ ತುದಿಯಲ್ಲಿ ಎತ್ತಿ, ನೀರು ತುಂಬಿದ ಒಂದೊಂದು ಲೋಟಕ್ಕೆ ಹಾಕಿದಳು. ಒಂಬತ್ತು ಸಿಕ್ಕವು.

"ಎರಡು ಮಕ್ಕಳು ಆಸ್ಪತ್ರೇಲಿ ಮಲಗಿದಾರೆ," ವಾರ್ಡನ್ ಬಾಗಿಲಲ್ಲಿ ನಿಂತು ಹೇಳಿದರು. "ನೀನು ಇಲ್ಲಿ ಸೊಳ್ಳೆ ಸಾಕ್ತಿದೀಯ."

"ಸೊಳ್ಳೆ ಸಾಕ್ತಿಲ್ಲ ಮೇಡಂ. ಸೊಳ್ಳೆ ತಿನ್ನೋದನ್ನ ಸಾಕ್ತಿದೀನಿ."

"ತಿನ್ನೋಕೆ ಸೊಳ್ಳೆ ಬೇಕಲ್ಲ?"

"ಬೇಕು."

"ಮತ್ತೆ! ಸಾಕ್ತಿದೀಯ ಅಂತಾಯ್ತಲ್ಲ."

ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿರಲಿಲ್ಲ, ತಪ್ಪು ಅವಳದೇ. ಹಾಗೆಂದು ಬಾಯಿಬಿಟ್ಟು ಹೇಳಿದಳು. ಹೇಳಿದ ಮೇಲೆ, ನೆಲದ ಮೇಲೆ ಇನ್ನೂ ಒದ್ದಾಡುತ್ತಿದ್ದ ಒಂದು ಸೊಳ್ಳೆಮರಿಯನ್ನು ಎತ್ತಿ ಒಂದು ಸೂಜಿಹುಳದ ಮರಿಯ ಲೋಟಕ್ಕೆ ಬಿಟ್ಟು, ಲೋಟವನ್ನು ವಾರ್ಡನ್‌ರ ಮೂಗಿನ ಹತ್ತಿರ ಹಿಡಿದಳು.

"ಒಂದು ನಿಮಿಷ ನೋಡಿ ಮೇಡಂ. ಆಮೇಲೆ ಬೈಯಿರಿ."

ಮರಿ ಕಡ್ಡಿಯಂತೆ ನಿಂತಿತ್ತು. ಸೊಳ್ಳೆಮರಿ ಒಮ್ಮೆ ಮಿಸುಕಿತು. ಮರಿಯ ಗದ್ದದಡಿ ಮಡಚಿಕೊಂಡಿದ್ದ ತುಟಿ ತೋಳಿನಂತೆ ಚಾಚಿಕೊಂಡು ಗಬಕ್ಕನೆ ಹಿಡಿದು ಒಳಗೆಳೆದುಕೊಂಡಿತು. ಕಣ್ಣು ರೆಪ್ಪೆ ಬಡಿಯುವುದರೊಳಗೆ ಮುಗಿದ ಕೆಲಸ. ಹಿಂದೆ ನಿಂತ ಕೆಲಸದವನು, "ಅಯ್ಯಪ್ಪಾ!" ಎಂದ. ವಾರ್ಡನ್ ಮುಖ ಕಿವುಚಿದರು. ಆದರೆ ಕಣ್ಣು ಕೀಳಲಿಲ್ಲ.

"ದಿನಕ್ಕೆ ಇಂಥದು ಎಷ್ಟು ತಿನ್ನುತ್ತೆ?"

"ಹತ್ತು, ಹನ್ನೆರಡು."

ವಾರ್ಡನ್ ಸಿಕ್ಕಿಸಿದ್ದ ಸೀರೆ ಇಳಿಬಿಟ್ಟರು. "ಕೆಳಗೆ ನಲ್ಲಿ ಕೆಟ್ಟ ಬಚ್ಚಲುಮನೆ ಇದೆ, ಅಲ್ಲಿಟ್ಕೋ. ಎಲ್ಲಕ್ಕೂ ಬಟ್ಟೆ ಕಟ್ಟಿರಬೇಕು. ಒಂದೇ ಒಂದು ಸೊಳ್ಳೆ ಹಾರಿದ್ರೂ ನೀನೂ ನಿನ್ನ ಬಕೆಟ್ಟೂ ರಸ್ತೇಲಿ. ತಿಳೀತಾ?"

"ತಿಳೀತು ಮೇಡಂ."

ಅಂದಿನಿಂದ ಹಾಸ್ಟೆಲಿಗೆಲ್ಲ ಅವಳು ಸೊಳ್ಳೆಯಕ್ಕ ಆದಳು. ಊಟಕ್ಕೆ ಸಾಲಿನಲ್ಲಿ ನಿಂತರೆ ಮೊದಲ ವರ್ಷದ ಹುಡುಗಿಯರು, "ಸೊಳ್ಳೆಯಕ್ಕ, ನಿನ್ನ ಮಕ್ಕಳದ್ದು ಊಟ ಆಯ್ತಾ?" ಎನ್ನುವರು. "ಆಯ್ತು, ನಿಮ್ಮಷ್ಟು ಗಲಾಟೆ ಮಾಡಲ್ಲ ಅವು," ಎನ್ನುವಳು.

ಮೂರನೇ ತಿಂಗಳ ಕೊನೆಗೆ, ಮಳೆ ಹಿಡಿದ ಮೇಲೆ, ಒಂದು ಬೆಳಿಗ್ಗೆ ಮೊದಲ ಮರಿ ಕಡ್ಡಿ ಹತ್ತಿತು. ಬೆನ್ನು ಸೀಳಿ ಹುಳ ಹೊರಬಂತು. ಹೆಣ್ಣು. ಒಂದು ಗಂಟೆಯಲ್ಲಿ ರೆಕ್ಕೆ ಬಿಚ್ಚಿಕೊಂಡಿತು, ಮೈ ನಿಧಾನವಾಗಿ ಕೆಂಪೇರಿತು. ಹಸಿರು ತಾಯಿಯ ಕೆಂಪು ಮಗಳು. ಅವಳಿಗೆ ಕೈ ನಿಲ್ಲಲಿಲ್ಲ. ಸೂಕ್ಷ್ಮ ಮೊನೆಯ ಪೆನ್ನು ತೆಗೆದು, ಜೌಗಿನ ಬಲಿತ ಹಸಿರು ಹುಳಗಳಿಗೆ ಸಾವಿರ ಸಲ ಮಾಡಿದಂತೆ, ರೆಕ್ಕೆಯ ಮೇಲೆ ಅಂಕಿ ಬರೆದಳು. ರೆಕ್ಕೆ ಇನ್ನೂ ಹಸಿಯಾಗಿತ್ತು. ಪೆನ್ನಿನ ಮೊನೆಗೆ ಮುದುರಿ ಅಂಟಿಕೊಂಡಿತು. ಮತ್ತೆ ಬಿಚ್ಚಲಿಲ್ಲ. ಹುಳ ಬಟ್ಟಲಿನ ತಳದಲ್ಲಿ ಸುತ್ತು ಹಾಕಿ ಹಾಕಿ ಮಧ್ಯಾಹ್ನದೊಳಗೆ ಸತ್ತಿತು. ಹುಳ ಹಿಡಿಯಲು ಬಾರದವರು ಮಾಡುವ ತಪ್ಪಲ್ಲ ಅದು. ಐದು ವರ್ಷ ಹಾರುವ ಹುಳಗಳನ್ನೇ ಹಿಡಿದು, ಹುಟ್ಟುವ ಹುಳವನ್ನು ಒಮ್ಮೆಯೂ ನೋಡದವಳು ಮಾತ್ರ ಮಾಡಬಹುದಾದ ತಪ್ಪು.

ಒಂಬತ್ತರಲ್ಲಿ ಐದು ಗಂಡು. ಅವುಗಳಿಂದ ಅವಳಿಗೆ ಪ್ರಯೋಜನವಿರಲಿಲ್ಲ, ಕೊಳಕ್ಕೆ ಬಿಟ್ಟಳು. ಇನ್ನೊಂದು ಹೆಣ್ಣು ಪೊರೆ ಕಳಚಲಾಗದೆ ಅರ್ಧದಲ್ಲೇ ಸತ್ತಿತು. ಮತ್ತೊಂದನ್ನು ಇರುವೆಗಳು ಒಯ್ದವು. ಉಳಿದದ್ದು ಒಂದೇ ಒಂದು ಹೆಣ್ಣು. ಅದಕ್ಕೆ ಒಂದು ಇಡೀ ದಿನ ಕೈ ತಾಗಿಸಲಿಲ್ಲ. ಮರುದಿನ ರೆಕ್ಕೆ ಗಟ್ಟಿಯಾದ ಮೇಲೆ ಒಂದು ಚುಕ್ಕಿ ಇಟ್ಟು ಬಲೆಯ ಪಂಜರಕ್ಕೆ ಬಿಟ್ಟಳು. ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಸಣ್ಣ ನೊಣಗಳೇ ಅದರ ಊಟ. ಮೂರನೇ ದಿನ ಕೆಂಪು ಮಾಸಿತು. ಐದನೇ ದಿನ ಕೆಸರು ಬಣ್ಣ. ಆರನೇ ದಿನ ಬೆಳಿಗ್ಗೆ ಪಂಜರದ ಬಟ್ಟೆ ಸರಿಸಿದರೆ, ಹುಲ್ಲಿನೆಸಳಿನ ಮೇಲೆ ಕೂತಿದ್ದು ಹಸಿರು ಹುಳ. ರೆಕ್ಕೆಯ ಮೇಲೆ ಅವಳದೇ ಚುಕ್ಕಿ.

ಸರಾಸರಿಯನ್ನು ಹೊದಿಕೆ ಎಳೆದು ಎಬ್ಬಿಸಿ ತೋರಿಸಿದಳು. ಸರಾಸರಿ ಕಣ್ಣು ಉಜ್ಜಿ ನೋಡಿದಳು. "ಬಣ್ಣ ಬದಲಾಯ್ಸೋಕೆ ಇದಕ್ಕೆ ಆರು ದಿನ ಬೇಕಾ? ನಮ್ಮ ವಿಭಾಗದ ಮುಖ್ಯಸ್ಥರಿಗೆ ಆರು ನಿಮಿಷ ಸಾಕು," ಎಂದು ಮತ್ತೆ ಮಲಗಿದಳು.

ಪಂಜರವನ್ನು ಎದೆಗೊತ್ತಿಕೊಂಡು ಮೂರು ಮಹಡಿ ಹತ್ತಿದಳು. ಮೇಷ್ಟ್ರು ಕನ್ನಡಿ ಕಣ್ಣಿಗೊತ್ತಿ ತುಂಬ ಹೊತ್ತು ನೋಡಿದರು. ದಿನದಿನದ ಚಿತ್ರ, ಟಿಪ್ಪಣಿ ಎಲ್ಲ ನೋಡಿದರು. ಆಮೇಲೆ ಕನ್ನಡಿ ಕೆಳಗಿಟ್ಟರು.

"ಇದರ ತಾಯಿ ಎಲ್ಲಿಯದು?"

"ಹಾಸ್ಟೆಲ್ ಹಿಂದಿನ ಕೊಳದ್ದು."

"ನನ್ನ ಹುಳ ಎಲ್ಲಿಯದು?"

ಅವಳು ಪಂಜರವನ್ನು ತನ್ನ ಕಡೆ ಎಳೆದುಕೊಂಡಳು.

"ಹುಲ್ಲುಗಾವಲಿಂದು," ಮೇಷ್ಟ್ರೇ ಉತ್ತರಿಸಿದರು. "ನಿನ್ನ ಕೊಳದ ಹಸಿರು ಹುಳಕ್ಕೆ ಕೆಂಪು ಮಗಳು ಹುಟ್ಟಿದಳು, ಅವಳು ಬೆಳೆದು ಹಸಿರಾದಳು. ಸಂತೋಷ. ನನ್ನ ಕೆಂಪು ಹುಳವೂ ಅದೇ ಅಂತ ಯಾರು ಹೇಳಿದ್ರು? ಅದು ಸಾಯೋವರೆಗೂ ಕೆಂಪಾಗೇ ಇರಬಹುದಲ್ಲ? ಅದೂ ಅಲ್ಲದೆ ಒಂದೇ ಹುಳ. ಗುರುತು ಹಾಕಿದವಳೂ ನೀನೇ, ಕಾದವಳೂ ನೀನೇ."

"ನಾನು ಹುಳ ಬದಲಾಯಿಸಿದೆ ಅಂತೀರಾ ಸರ್?"

"ಅನ್ನಲ್ಲ. ನನ್ನ ವೈರಿ ಯಾರಾದ್ರೂ ಅಂದ್ರೆ ನೀನು ಏನು ಹೇಳ್ತೀಯ ಅಂತ ಕೇಳ್ತಿದೀನಿ." ದನಿ ಸ್ವಲ್ಪ ತಗ್ಗಿತು. "ಮೂರು ವಾರ ಉಳಿದಿದೆ. ಅಧ್ಯಾಯ ತೆಗೆದುಬಿಡಮ್ಮ. ಹಟಕ್ಕೆ ಬಿದ್ದು ಡಿಗ್ರಿ ಕಳ್ಕೋಬೇಡ."

ಮೆಟ್ಟಿಲಿಳಿಯುವಾಗ ಅವಳಿಗೆ ಅವರ ಮೇಲೆ ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅವರು ಹೇಳಿದ್ದು ಸರಿಯಾಗಿತ್ತಲ್ಲ ಎಂದು. ಹತ್ತಿರ ನೀರು ಸಿಕ್ಕಿತೆಂದು ಬೇರೆ ನೀರಿನ ಹುಳ ಸಾಕಿದ್ದಳು. ಮೂರು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಸಂಜೆ ಅಮ್ಮನಿಗೆ ಫೋನು ಮಾಡಿದಳು. ಅಮ್ಮ ಬೇರೆ ಊರಿನಲ್ಲಿ ಲಾಂಡ್ರಿ ನಡೆಸುತ್ತಿದ್ದರು. ಇಪ್ಪತ್ತು ವರ್ಷದಿಂದ ಊರವರ ಬಟ್ಟೆ ಒಗೆದು ಇಸ್ತ್ರಿ ಹಾಕಿ ಮಗಳನ್ನು ಓದಿಸಿದವರು. ಫೋನಿನಲ್ಲಿ ಯಾವಾಗಲೂ ಇಸ್ತ್ರಿಪೆಟ್ಟಿಗೆಯ ಉಗಿಯ ಸದ್ದು ಕೇಳುತ್ತಿತ್ತು, ಅಂದೂ ಕೇಳಿತು.

"ಮುಗೀತಾ ನಿನ್ನ ಹುಳದ ಓದು?"

"ಇಲ್ಲಮ್ಮ. ಮೇಷ್ಟ್ರು ಒಪ್ತಿಲ್ಲ."

"ಏನಂತೆ ಅವರಿಗೆ?"

"ಕೆಂಪು ಹುಳ ಹಸಿರಾಯ್ತು ಅಂತ ತೋರಿಸಿದೆ. ಇದು ನನ್ನ ಹುಳ ಅಲ್ಲ ಅಂತಾರೆ."

ಅಮ್ಮ ನಕ್ಕರು. "ಅಯ್ಯೋ, ಅದು ದಿನಾ ನನಗೆ ಇದ್ದದ್ದೇ. ಬಣ್ಣ ಬಿಡೋ ಬಟ್ಟೆ ತರ್ತಾರೆ, ಬೇಡ ಅಂದ್ರೂ ಕೇಳಲ್ಲ, ಒಗೆದು ಕೊಟ್ರೆ ಇದು ನನ್ನ ಅಂಗಿ ಅಲ್ಲ ಅಂತಾರೆ."

"ಆಗ ನೀನೇನು ಮಾಡ್ತೀಯ?"

"ಜಗಳಗಂಟ ಗಿರಾಕಿ ಅಂತ ಗೊತ್ತಿದ್ರೆ ನಾನು ಗುರುತು ಹಾಕೋದೇ ಇಲ್ಲ. ಶಾಯಿ ಅವನ ಕೈಗೇ ಕೊಡ್ತೀನಿ. ಕಾಲರ್ ಒಳಗೆ ನಿನಗೆ ಇಷ್ಟ ಬಂದ ಗುರುತು ನೀನೇ ಹಾಕಪ್ಪ, ಅಂತ. ಆಮೇಲೆ ಕೆಂಪಂಗಿ ಬಿಳಿಯಾಗಿ ಬಂದ್ರೂ ಬಾಯಿ ಮುಚ್ಕೊಂಡು ತಗೊಂಡು ಹೋಗ್ತಾನೆ. ನಿಂಗೇನು ಊಟ ಸರಿಯಾಗಿ ಕೊಡ್ತಾರಾ ಅಲ್ಲಿ?"

"ಅಮ್ಮ, ಇಡ್ತೀನಿ," ಎಂದಳು.

"ಇಡು ಇಡು. ಕೆಲಸ ಆದ ಮೇಲೆ ಅಮ್ಮ ಯಾಕೆ ಬೇಕು!"

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುಲ್ಲುಗಾವಲಿಗೆ ಹೋದಳು. ಜೌಗು ತುಂಬಿತ್ತು. ತೊಡೆಯವರೆಗೆ ನೀರು, ಅದರಡಿ ಕಾಲು ಹಿಡಿದೆಳೆಯುವ ಕೆಸರು. ನಡುಬಗ್ಗಿಸಿ, ಬಲೆ ಹುಲ್ಲಿನ ಬುಡಕ್ಕೆ ತಾಗುವಂತೆ ಹಿಡಿದು, ನಾಲ್ಕು ಗಂಟೆ ತಿರುಗಿದಳು. ಜಿಗಣೆಗಳು ಬೇಕಾದಷ್ಟು ಸಿಕ್ಕವು. ಕೆಂಪು ಹುಳ ಹದಿನಾಲ್ಕು. ಒಂದೊಂದನ್ನೂ ತ್ರಿಕೋನವಾಗಿ ಮಡಿಸಿದ ಕಾಗದದೊಳಗಿಟ್ಟು, ಕಾಗದಗಳನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು, ಕೆಸರು ತೊಳೆಯದೆ ಅದೇ ಬಟ್ಟೆಯಲ್ಲಿ ಮೇಷ್ಟ್ರ ಮೇಜಿನ ಮುಂದೆ ಬಂದು ನಿಂತಳು.

"ಇವು ಹುಲ್ಲುಗಾವಲಿನವು ಸರ್. ಇವತ್ತಿನವು. ಇದರಲ್ಲಿ ನಿಮ್ಮ ಹುಳ ಯಾವುದು ಅಂತ ನೀವೇ ಹೇಳಿ. ಗುರುತು ನೀವೇ ಹಾಕಿ. ಪಂಜರ ನಿಮ್ಮ ಕೋಣೇಲೇ ಇರಲಿ, ಬೀಗದ ಕೈ ನಿಮ್ಮ ಹತ್ರಾನೇ ಇರಲಿ. ನಾನು ಒಳಗೆ ಕಾಲಿಡಲ್ಲ."

ಮೇಷ್ಟ್ರು ಅವಳ ಕಾಲಿನ ಕೆಸರನ್ನೂ ಡಬ್ಬಿಯನ್ನೂ ಮತ್ತೆ ಮತ್ತೆ ನೋಡಿದರು. "ಕೆಂಪಾಗೇ ಉಳಿದ್ರೆ?"

"ಅಧ್ಯಾಯ ನಾನೇ ಹರಿದು ಹಾಕ್ತೀನಿ. ಪಟ್ಟಿಗಳಲ್ಲೂ ನಿಮ್ಮ ಪ್ರಭೇದ ಅಂತಲೇ ಬರೀತೀನಿ."

"ಸತ್ತೂ ಹೋಗಬಹುದು."

"ಸತ್ರೆ ಮತ್ತೆ ಹಿಡ್ಕೊಂಡು ಬರ್ತೀನಿ. ಇನ್ನೂ ಇಪ್ಪತ್ತು ದಿನ ಇದೆ."

ಮೇಷ್ಟ್ರು ಕುರ್ಚಿ ಮುಂದಕ್ಕೆಳೆದರು. ವಯಸ್ಸಾದ ಕೈ, ಟೀ ಲೋಟ ಹಿಡಿದರೆ ನಡುಗುತ್ತಿತ್ತು. ಕನ್ನಡಿ ಕಣ್ಣಿಗೆ ಹೋದದ್ದೇ ತಡ, ಬೆರಳುಗಳು ನಿಂತವು. ಒಂದೊಂದು ಹುಳವನ್ನೂ ರೆಕ್ಕೆಗಳು ಸೇರುವಲ್ಲಿ ಹಿಡಿದು, ಕತ್ತಿನ ಪಟ್ಟಿಯ ಅಂಚು ನೋಡಿ, ತಾವು ಇಪ್ಪತ್ತಾರು ವರ್ಷದ ಹಿಂದೆ ಬರೆದ ಪುಟ ತೆರೆದಿಟ್ಟುಕೊಂಡು ಹೋಲಿಸಿ, "ಇದು ನನ್ನದು" ಎನ್ನುತ್ತ ಹೋದರು. ಎರಡನ್ನು ಅನುಮಾನವೆಂದು ಪಕ್ಕಕ್ಕಿಟ್ಟರು. ಹನ್ನೆರಡು ಅವರದೇ ಎಂದಾಯಿತು. ರೆಕ್ಕೆಗೆ ಗುರುತು ಹಾಕುವಾಗ, "ಆ ಕಡೆ ತಿರುಗು," ಎಂದರು. ಅವಳು ಗೋಡೆಯ ಕಡೆ ತಿರುಗಿ ನಿಂತಳು.

ಮುಂದಿನ ದಿನಗಳಲ್ಲಿ ಅವಳ ಕೆಲಸ ಒಂದೇ. ಬೆಳಿಗ್ಗೆ ಹಣ್ಣಿನ ನೊಣಗಳ ಬಾಟಲಿ ತಂದು ಬಾಗಿಲಲ್ಲಿ ಕೊಡುವುದು. ಮೇಷ್ಟ್ರು ಕೈ ಮಾತ್ರ ಹೊರಚಾಚಿ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುವರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮುಖ. ಸಂತೋಷವೋ ಸಂಕಟವೋ ಹೇಳುವ ಹಾಗಿಲ್ಲ.

"ಎರಡು ಸತ್ತವು," ಎಂದರು ಎರಡನೇ ದಿನ.

"ಇನ್ನೆರಡು," ಎಂದರು ಮೂರನೇ ದಿನ.

ನಾಲ್ಕನೇ ದಿನದಿಂದ ಏನೂ ಹೇಳಲಿಲ್ಲ. ಬಾಟಲಿ ತೆಗೆದುಕೊಳ್ಳುವಾಗ ಅವಳ ಮುಖ ನೋಡುವುದನ್ನೂ ಬಿಟ್ಟರು.

"ಬಾಗಿಲ ಮೇಲೆ ಗಾಜಿನ ಕಿಂಡಿ ಇದೆ," ಸರಾಸರಿ ಹೇಳಿದಳು. "ಸ್ಟೂಲು ನಾನು ಹಿಡ್ಕೋತೀನಿ. ಒಂದು ಸಲ ಇಣುಕಿ ಬಾ."

"ಬೇಡ."

"ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ. ನಾನು ಒಳಗೆ ಕಾಲಿಡಲ್ಲ ಅಂದಿದೀನಿ."

"ಕಾಲಲ್ಲ, ಕಣ್ಣು."

"ಎರಡೂ ಒಂದೇ," ಎಂದು ಅವಳು ನಾಲ್ಕನೇ ಅಧ್ಯಾಯವನ್ನು ಮೊದಲಿನಿಂದ ತಿದ್ದಲು ಕೂತಳು. ಕೊಳದ ಹುಳದ ಕತೆಯನ್ನು, ರೆಕ್ಕೆ ಮುದುರಿಸಿ ಕೊಂದ ಹುಳವನ್ನೂ ಬಿಡದೆ, ಇದ್ದದ್ದು ಇದ್ದಂತೆ ಬರೆದಳು. ಹುಲ್ಲುಗಾವಲಿನ ಹುಳಗಳಿಗೆ ಒಂದು ಪುಟ ಖಾಲಿ ಬಿಟ್ಟಳು. ಬೆಳಿಗ್ಗೆ ನೊಣ ಕೊಟ್ಟು ಬಂದರೆ, ಇನ್ನೊಮ್ಮೆ ಜೌಗಿಗೆ ಹೋಗಬೇಕಾದೀತೆಂದು ಬಲೆಯ ಹರಿದ ಕಡೆ ಹೊಲಿದಳು, ಕಾಗದ ಮಡಿಸಿ ಇನ್ನೂ ಇಪ್ಪತ್ತು ತ್ರಿಕೋನ ಮಾಡಿಟ್ಟಳು.

ಎಂಟನೇ ದಿನ ಬಾಟಲಿ ಕೊಡಲು ಹೋದಾಗ ಬಾಗಿಲು ತೆರೆದೇ ಇತ್ತು.

"ಬಾ," ಎಂದರು ಮೇಷ್ಟ್ರು.

"ಒಳಗಾ ಸರ್?"

"ಮತ್ತೆ? ಹೊರಗೆ ನಿಂತು ನೋಡೋಕೆ ನಿನಗೆ ಹದ್ದಿನ ಕಣ್ಣಾ?"

ಕಿಟಕಿಯ ಪಕ್ಕ ಪಂಜರ. ಒಳಗೆ ಆರು ಹುಳ, ಇನ್ನೆರಡೂ ನಡುವೆ ಸತ್ತಿದ್ದವು. ಐದು ಹಸಿರು. ಆರನೆಯದು ಅರ್ಧ ಕೆಸರು, ಅರ್ಧ ಹಸಿರು. ಆರರ ರೆಕ್ಕೆಯ ಮೇಲೂ ಅವಳು ಎಂದೂ ಕಾಣದ ಗುರುತು, ಕೂದಲೆಳೆಯಷ್ಟು ಸಣ್ಣ ಎರಡು ಗೆರೆ, ನಡುವೆ ಚುಕ್ಕಿ.

"ಆರನೇದು ಸೋಮಾರಿ," ಎಂದರು ಮೇಷ್ಟ್ರು. ಕೊರಳಿನ ಕನ್ನಡಿ ತೆಗೆದು ಮೇಜಿನ ಮೇಲಿಟ್ಟಿದ್ದರು. "ನಾಲ್ಕನೇ ದಿನವೇ ಗೊತ್ತಾಗಿತ್ತು ನನಗೆ. ಕೆಂಪು ಮಾಸಿದ್ದು ಕಾಣಿಸ್ತು. ಹೇಳೋಕೆ ಬಾಯಿ ಬರಲಿಲ್ಲ. ಇನ್ನು ನಾಲ್ಕು ದಿನ ನೋಡೋಣ, ಒಂದಾದ್ರೂ ಕೆಂಪು ಉಳಿಯುತ್ತೇನೋ ಅಂತ ಕೂತೆ."

ಅವಳಿಗೆ ಸಮಾಧಾನದ ಮಾತು ಬಾಯಿಗೆ ಬಂತು. ಅದು ಅವರಿಗೂ ಬೇಕಿಲ್ಲ, ತನಗೂ ಬೇಕಿಲ್ಲ ಎನ್ನಿಸಿ ನುಂಗಿಕೊಂಡಳು.

"ದಿನದಿನದ ಟಿಪ್ಪಣಿ ಬೇಕು ಸರ್. ಅಧ್ಯಾಯಕ್ಕೆ."

ಮೇಷ್ಟ್ರು ಖಾನೆಯಿಂದ ನಾಲ್ಕು ಹಾಳೆ ತೆಗೆದು ಮುಂದೆ ತಳ್ಳಿದರು. ಗಂಟೆ ಗಂಟೆಗೂ ಬರೆದಿದ್ದರು. ಬೆಳಕು, ಬಿಸಿಲು, ಯಾವ ಹುಳ ಯಾವಾಗ ಎಷ್ಟನೇ ಭಾಗ ಬಣ್ಣ ಬದಲಿಸಿತು, ಎಲ್ಲ. ಅವಳ ಟಿಪ್ಪಣಿಗಿಂತ ಹತ್ತು ಪಾಲು ಚೆನ್ನಾಗಿತ್ತು.

"ಅಧ್ಯಾಯ ನಾಳೆ ತಾ, ಸಹಿ ಹಾಕ್ತೀನಿ. ಎರಡನೇ ಪುಟದ ಮೊದಲ ವಾಕ್ಯ ರೈಲಿನ ಹಾಗಿದೆ, ಕತ್ತರಿಸು." ಎದ್ದು ಸಂಗ್ರಹದ ಕೋಣೆಯ ಬಾಗಿಲು ತೆರೆದು, ಹದಿನಾಲ್ಕನೇ ಡಬ್ಬಿ ತಂದು ಅವಳ ಮುಂದಿಟ್ಟರು. ಏಳು ಹುಳ, ಪ್ರತಿ ಟಾಚಣಿಗೆಯ ಬುಡದಲ್ಲೂ ಅವರ ಕೈಬರಹದ ಚೀಟಿ, ಚೀಟಿಯ ಮೇಲೆ ಅವರ ತಾಯಿಯ ಹೆಸರು.

"ಹಳೇ ಚೀಟಿ ಕೀಳೋ ಹಾಗಿಲ್ಲ," ಎಂದರು. "ಸಂಗ್ರಹದ ನಿಯಮ ಅದು. ತಪ್ಪು ಬರೆದವನ ಚೀಟಿ ಅಲ್ಲೇ ಇರಬೇಕು. ಸರಿ ಹೇಳೋರು ಅದರ ಕೆಳಗೆ ಹೊಸ ಚೀಟಿ ಚುಚ್ಚಬೇಕು, ತಮ್ಮ ಹೆಸರು, ವರ್ಷ ಹಾಕಿ. ಬರಿ."

"ನೀವೇ ಬರೀಬಹುದಲ್ಲ ಸರ್. ಗುರುತು ಹಾಕಿದ್ದು ನೀವೇ."

"ನೋಡಿದ್ದು ನಾನು. ಹೇಳಿದ್ದು ನೀನು. ನನ್ನ ಕೈಯಲ್ಲಿ ಅದನ್ನೂ ಬರೆಸಬೇಡ."

ಅವಳು ಕೂತಳು. ಉಗುರಿನಷ್ಟು ಅಗಲದ ದಪ್ಪ ಕಾಗದ, ಮೇಷ್ಟ್ರದೇ ಪೆನ್ನು. ಹಸಿರು ಹುಳದ ಹೆಸರು ಬರೆದು, ಅದರ ಕೆಳಗೆ 'ಎಳೆಯ ಹೆಣ್ಣು' ಎಂದು ಬರೆದು, ಅದರ ಕೆಳಗೆ ತನ್ನ ಹೆಸರು, ವರ್ಷ ಬರೆದಳು. ಮೇಷ್ಟ್ರು ಭುಜದ ಹಿಂದೆ ನಿಂತು ಕನ್ನಡಿ ಹಿಡಿದು ನೋಡಿದರು.

"ಅಕ್ಷರ ಮುದ್ದೆಯಾಗಿದೆ. ನೂರು ವರ್ಷ ಆದ ಮೇಲೂ ಯಾರೋ ಓದಬೇಕು ಇದನ್ನ. ಇನ್ನೊಂದು ಬರಿ."

ಅವಳು ಆ ಚೀಟಿ ಹರಿದು ಇನ್ನೊಂದು ಕಾಗದ ಕತ್ತರಿಸಿದಳು. ಇನ್ನೂ ಏಳು ಬರೆಯುವುದಿತ್ತು.